ಅಂಗಳವಿಲ್ಲದ ಕ್ವಾರ್ಟರ್ಸಿನಲ್ಲಿ ಎರಡು ಹೆಣ್ಣುಮರಿ, ಮಾಲಿಕರ ಗಡುವು ತಿಂಗಳ ಕೊನೆ

ಬದಿಯಡ್ಕದಿಂದ:
ಕ್ವಾರ್ಟರ್ಸಿನ ಮಹಡಿಯಲ್ಲಿ ನಾನು, ಅಮ್ಮ ಇಬ್ಬರೇ. ಒಂದು ಕೋಣೆ, ಅಡುಗೆಮನೆ, ಬಚ್ಚಲು. ಹತ್ತು ದಿನದ ಹಿಂದೆ ಆಟಿಯ ಜಡಿಮಳೆಯಲ್ಲಿ, ನೀರ್ಚಾಲಿನ ಹತ್ತಿರ ಮೋರಿಯ ಬದಿ ಅಕ್ಕಿಗೋಣಿಯಲ್ಲಿ ಕಟ್ಟಿ ಎಸೆದಿದ್ದ ಎರಡು ನಾಯಿಮರಿ ಸಿಕ್ಕಿದವು. ಎರಡೂ ಹೆಣ್ಣು. ಒಂದೂವರೆ ತಿಂಗಳಿನವು ಎಂದು ಡಾಕ್ಟರು ಹುಳದ ಮದ್ದು ಕೊಟ್ಟರು. ಕಪ್ಪುಮರಿಗೆ ಈಗಲೂ ಗೋಣಿ ಸರಿದ ಸದ್ದು ಕೇಳಿದರೆ ಸಾಕು, ಗ್ಯಾಸ್ ಸಿಲಿಂಡರಿನ ಹಿಂದೆ ನುಗ್ಗಿ ಅಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತದೆ. ತಂದಲ್ಲಿಗೇ ಬಿಟ್ಟು ಬರಲು ನನ್ನಿಂದ ಆಗುವುದಿಲ್ಲ. ಕೇಳಿದವರೆಲ್ಲ "ಗಂಡಾದರೆ ಕೊಡಿ" ಎನ್ನುತ್ತಾರೆ. ಯಾರದಾದರೂ ಕೊಟ್ಟಿಗೆಯ ಮೂಲೆ ಸಿಕ್ಕೀತೇ? ಖರ್ಚು ನನ್ನದು. ಪಾಪದ ಮರಿಗಳು. ಮೊನ್ನೆ ಮದ್ದು ಕುಡಿಸುವಾಗ ಹಲ್ಲು ತಾಗಿ ನನ್ನ ಬೆರಳು ಗೀರಿದ್ದು ಬಿಟ್ಟರೆ ಏನೂ ಉಪದ್ರ ಇಲ್ಲ.

ಪೆರ್ಲದಿಂದ:
ನಮ್ಮ ಕೊಟ್ಟಿಗೆ ಖಾಲಿ ಉಂಟು. ಆದರೆ ಕಳೆದ ಮಾರ್ಚಿನಲ್ಲಿ ನಮ್ಮ ಮರಿ ಪಾರ್ವೊ (ನಾಯಿಮರಿಗಳಿಗೆ ಬರುವ ವಾಂತಿಭೇದಿಯ ವೈರಸ್ ರೋಗ) ಬಂದು ಸತ್ತದ್ದು ಅಲ್ಲೇ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಹಾಗಾಗಿ ಚುಚ್ಚುಮದ್ದು ಮುಗಿಯದ ಮರಿಗಳನ್ನು ದಯವಿಟ್ಟು ಇಲ್ಲಿಗೆ ತರಬೇಡಿ. ಮೊದಲ ಡೋಸ್ ಈಗಲೇ ಹಾಕಿಸಿ, ಮತ್ತೆ ಮೂರು-ನಾಲ್ಕು ವಾರಕ್ಕೊಮ್ಮೆ, 4 ತಿಂಗಳು ತುಂಬುವವರೆಗೆ. ಅಲ್ಲಿವರೆಗೆ ನಿಮ್ಮ ಮಹಡಿಯೇ ಒಳ್ಳೆಯದು, ಬೀದಿನಾಯಿ ಓಡಾಡುವ ನೆಲಕ್ಕೆ ಇಳಿಸಲೇಬೇಡಿ. ದನದ ಹಾಲು ಬೇಡ, ಭೇದಿಯಾಗುತ್ತದೆ. ಮೆತ್ತಗಿನ ಅನ್ನಕ್ಕೆ ಬೇಯಿಸಿದ ಮೊಟ್ಟೆ ಕಲಸಿ. ಚುಚ್ಚುಮದ್ದು ಮುಗಿದ ಮೇಲೆ ನಾನೇ ಜೀಪು ತರುತ್ತೇನೆ.

ಕುಂಬಳೆಯಿಂದ:
ಮಾರಾಯ್ರೆ, ಮೊದಲು ಆ ಬೆರಳು! ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಇವತ್ತೇ ಸರಕಾರಿ ಆಸ್ಪತ್ರೆಗೆ ಹೋಗಿ. ಎರಡು ದಿನ ಕಳೆಯಿತೆಂದು ಬಿಡಬೇಡಿ. ಮರಿಗೂ ರೇಬೀಸ್ ಇರಬಹುದು, ಲಕ್ಷಣ ಕಂಡ ಮೇಲೆ ಮದ್ದಿಲ್ಲ. ನಿಮಗೆ ರೇಬೀಸ್ ಚುಚ್ಚುಮದ್ದು ತೋಳಿನ ಚರ್ಮಕ್ಕೆ ಕೊಡುವುದಾದರೆ 0, 3, 7, 28ನೇ ದಿನ, ಒಂದನ್ನೂ ತಪ್ಪಿಸಬೇಡಿ. ಮರಿಗಳಿಗೆ ರೇಬೀಸ್ ಚುಚ್ಚುಮದ್ದು 3 ತಿಂಗಳಿಗೆ.
ಹೆಣ್ಣು ಬೇಡ ಎನ್ನುವವರಿಗೆ ಹೆದರಿಕೆ ಇರುವುದು ಮರಿ ಹಾಕುವುದಕ್ಕೆ. "ಆರು ತಿಂಗಳಿಗೆ ಆಪರೇಷನ್ ನಾನೇ ಮಾಡಿಸಿಕೊಡುತ್ತೇನೆ" ಎಂದು ಮೊದಲೇ ಹೇಳಿ. ನಾನು ಮೂರು ಹೆಣ್ಣುಮರಿಗಳಿಗೆ ಮನೆ ಹುಡುಕಿದ್ದು ಹಾಗೆಯೇ.

ಬದಿಯಡ್ಕದಿಂದ:
ಒಂದು ಹನಿ ರಕ್ತ ಬಂದಿತ್ತು, ಇಲ್ಲಿ ಬರೆದಿರಲಿಲ್ಲ. ಬೆಳಿಗ್ಗೆ ಹೋದೆ, ಗಾಯಕ್ಕೂ ಚುಚ್ಚಿದರು, ತೋಳಿಗೂ. ಮರಿಗಳ ಮೊದಲ ಡೋಸ್ ನಾಳೆ. ಪೆರ್ಲದವರ ಮಾತನ್ನು ಮಾಲಿಕರಿಗೆ ಓದಿ ಹೇಳಿದೆ. ಮೆಟ್ಟಿಲಲ್ಲಿ ಗಲೀಜು ಕಾಣದಿದ್ದರೆ ಚುಚ್ಚುಮದ್ದು ಮುಗಿಯುವವರೆಗೆ ಇರಲಿ ಎಂದರು. ಗೋಣಿಚೀಲ ಮನೆಗೆ ತರುವುದನ್ನು ಅಮ್ಮ ನಿಲ್ಲಿಸಿದ್ದಾರೆ.