ಅಮೆರಿಕದ ಕ್ಲಿನಿಕ್ಕಿನಲ್ಲಿ ಒಬ್ಬಳೇ ಕಂದುಬಣ್ಣದ ಥೆರಪಿಸ್ಟ್: ಜೊತೆಗಾರರು ಎಲ್ಲಿ ಸಿಗುತ್ತಾರೆ?

ಪ್ರಶ್ನೆ (ಕ್ಯಾಲಿಫೋರ್ನಿಯಾದಿಂದ)

ದಾಂಪತ್ಯ ಮತ್ತು ಕುಟುಂಬ ಚಿಕಿತ್ಸೆಯ ಲೈಸೆನ್ಸಿಗೆ ಇಲ್ಲಿ ಬೇಕಾದ 3,000 ಗಂಟೆಗಳ ಮೇಲ್ವಿಚಾರಣೆಯ ಕೆಲಸದಲ್ಲಿ ಅರ್ಧದಷ್ಟನ್ನು ಮುಗಿಸಿದ್ದೇನೆ. ನಮ್ಮ ಕ್ಲಿನಿಕ್ಕಿನ ಒಂಬತ್ತು ಥೆರಪಿಸ್ಟರಲ್ಲಿ ಬಿಳಿಯರಲ್ಲದವಳು ನಾನೊಬ್ಬಳೇ. ಯಾರೂ ಒರಟಾಗಿ ನಡೆದುಕೊಂಡಿಲ್ಲ; ಆದರೆ ಭಾರತದವರಾಗಲಿ ಬಾಂಗ್ಲಾದೇಶದವರಾಗಲಿ ಕರೆ ಮಾಡಿದರೆ, ತೊಂದರೆ ಏನೆಂದು ಕೇಳುವ ಮೊದಲೇ ಅವರನ್ನು ನನ್ನ ಹೆಸರಿಗೆ ಬರೆದುಬಿಡುತ್ತಾರೆ. ಒಮ್ಮೆ ಕೇಸ್ ಚರ್ಚೆಯಲ್ಲಿ, ತಿಂಗಳು ತಿಂಗಳೂ ಊರಿಗೆ ಹಣ ಕಳಿಸುವ ಮಗನೊಬ್ಬನ ವಿಷಯ ಬಂದಾಗ, ಅದನ್ನೇ ಅವನ ರೋಗವೆಂಬಂತೆ ಬೋರ್ಡಿನ ಮೇಲೆ ಬರೆದರು. ಅದು ಹಾಗಲ್ಲವೆಂದು ವಿವರಿಸುವುದರಲ್ಲೇ ನನ್ನ ಪಾಲಿನ ಇಪ್ಪತ್ತು ನಿಮಿಷ ಮುಗಿದು, ಅವನ ನಿದ್ದೆಗೇಡಿನ ಬಗ್ಗೆ ಕೇಳಬೇಕೆಂದಿದ್ದ ಪ್ರಶ್ನೆ ಹಾಗೆಯೇ ಉಳಿಯಿತು.

ಮನಸ್ಸು ಹಗುರಾಗಲೆಂದು ಕನ್ನಡ ಕೂಟದ ಯುಗಾದಿಗೆ ಹೋದರೆ, ಊಟದ ಸಾಲಿನಲ್ಲಿ ನನ್ನ ಮುಂದೆ ತಟ್ಟೆ ಹಿಡಿದು ನಿಂತವರು ನನ್ನ ಕ್ಲೈಂಟ್. ಇಬ್ಬರೂ ಅಪರಿಚಿತರಂತೆ ಕೋಸಂಬರಿ ಹಾಕಿಸಿಕೊಂಡೆವು. ಆಮೇಲೆ ನಾನು ಅತ್ತ ಹೋಗಿಲ್ಲ. ಈ ವೃತ್ತಿಯಲ್ಲಿರುವ ನೀವೆಲ್ಲ ನಿಮ್ಮ ಜೊತೆಗಾರರನ್ನು ಹೇಗೆ ಕಂಡುಕೊಂಡಿರಿ?

ಉತ್ತರ 1 (ನ್ಯೂಜೆರ್ಸಿಯ ಮನಶ್ಶಾಸ್ತ್ರಜ್ಞೆ)

ನಿಮ್ಮ ಕ್ಲಿನಿಕ್ಕಿನ ಲೆಕ್ಕ ಅಪರೂಪದ್ದೇನಲ್ಲ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ 2015ರ ಅಂಕಿಅಂಶದಂತೆ ಇಲ್ಲಿನ ಮನಶ್ಶಾಸ್ತ್ರಜ್ಞರಲ್ಲಿ ಶೇ. 86 ಮಂದಿ ಬಿಳಿಯರು, ಏಷ್ಯಾ ಮೂಲದವರು ಶೇ. 5. ಅದೇ ಸಂಸ್ಥೆ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಮಾವೇಶ ನಡೆಸಿದಾಗ ಕಪ್ಪು ಮನಶ್ಶಾಸ್ತ್ರಜ್ಞರು ಅಲ್ಲಿಯೇ ತಮ್ಮ ಪ್ರತ್ಯೇಕ ಸಂಘ ಕಟ್ಟಿದರು. 1972ರಲ್ಲಿ ಹುಟ್ಟಿದ ಏಷ್ಯನ್ ಅಮೆರಿಕನ್ ಮನಶ್ಶಾಸ್ತ್ರಜ್ಞರ ಸಂಘವೂ ಮೊದಲಿಗೆ ನಿಮ್ಮ ರಾಜ್ಯದ ಬೇ ಏರಿಯಾದಲ್ಲೇ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಪ್ರದೇಶ) ಕೆಲವರು ಸೇರಿ ಮಾತನಾಡುತ್ತಿದ್ದ ಗುಂಪು. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಜನಾಂಗಭೇದದಲ್ಲಿ ತನ್ನ ಪಾಲಿಗೆ ಕ್ಷಮೆ ಕೇಳಿದ್ದು 2021ರಲ್ಲಿ. ಅಲ್ಲಿಯವರೆಗೆ ಯಾರೂ ಕಾಯುತ್ತ ಕೂರಲಿಲ್ಲ.

ನಮ್ಮದು ಐವರ ಗುಂಪು, ಕನ್ನಡದವಳು ನಾನೊಬ್ಬಳೇ. ಹದಿನೈದು ದಿನಕ್ಕೊಮ್ಮೆ ಸಂಜೆ ವಿಡಿಯೋದಲ್ಲಿ ಸೇರಿ, ಕ್ಲೈಂಟಿನ ಗುರುತು ಬಿಟ್ಟುಕೊಡದೆ ಕೇಸುಗಳನ್ನು ಚರ್ಚಿಸುತ್ತೇವೆ. ಊರಿಗೆ ಹಣ ಕಳಿಸುವ ಮಗನ ವಿಷಯ ಅಲ್ಲಿ ಬಂದರೆ, ಮೆಕ್ಸಿಕೋ ಮೂಲದ ಗೆಳತಿ ನೇರವಾಗಿ ನಿದ್ದೆಯ ಬಗ್ಗೆಯೇ ಕೇಳುತ್ತಾಳೆ.

ಕನ್ನಡ ಕೂಟವನ್ನು ಬಿಡಬೇಡಿ. ಕ್ಲೈಂಟಿಗೆ ಹಾನಿಯಾಗುವ ಸಂಭವವಿಲ್ಲದಿದ್ದರೆ ಇಂತಹ ಎರಡು ಬಗೆಯ ಸಂಬಂಧ ತಪ್ಪಲ್ಲವೆಂದು ಮನಶ್ಶಾಸ್ತ್ರಜ್ಞರ ನೀತಿಸಂಹಿತೆಯೇ ಹೇಳುತ್ತದೆ. ನಿಮ್ಮ ಲೈಸೆನ್ಸಿನ ನಿಯಮವನ್ನು ಸೂಪರ್‌ವೈಸರ್ ಬಳಿ ವಿಚಾರಿಸಿ. ನಾನಂತೂ ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ: "ಹೊರಗೆ ಸಿಕ್ಕರೆ ನಾನಾಗಿ ಮಾತನಾಡಿಸುವುದಿಲ್ಲ, ನೀವು ಮಾತನಾಡಿಸಿದರೆ ನಮಸ್ಕಾರ ಹೇಳುತ್ತೇನೆ."

ಉತ್ತರ 2 (ಸಿಯಾಟಲ್‌ನಿಂದ)

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಕೂಟದ ಬಾಗಿಲು ಎಲ್ಲರಿಗೂ ಒಂದೇ ಅಗಲಕ್ಕೆ ತೆರೆಯುವುದಿಲ್ಲ. ನಾನು ದಲಿತ ಕುಟುಂಬದವನು. ಊರು ಯಾವುದು, ಯಾವ ಕಡೆಯವರು, ಮನೆಯಲ್ಲಿ ನಾನ್‌ವೆಜ್ ಮಾಡುತ್ತೀರಾ ಎಂಬ ಮೂರು ಪ್ರಶ್ನೆಗಳಲ್ಲಿ ನನ್ನ ವಿಳಾಸ ಪತ್ತೆಯಾಗಿ, ಮಾತು ತಣ್ಣಗಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಜಾತಿ ತಾರತಮ್ಯವನ್ನು ನಿಷೇಧಿಸಿದ ಅಮೆರಿಕದ ಮೊದಲ ನಗರ ನಮ್ಮದು, 2023ರ ಫೆಬ್ರವರಿಯಲ್ಲಿ. ಆದರೆ ಕಾನೂನು ಊಟದ ಪಂಕ್ತಿಯವರೆಗೆ ಬರುವುದಿಲ್ಲ. ನನಗೆ ಜೊತೆ ಸಿಕ್ಕಿದ್ದು ಕಪ್ಪು ಥೆರಪಿಸ್ಟರ ಗುಂಪಿನಲ್ಲಿ. ನೀವು ಗುಂಪು ಕಟ್ಟುವುದಾದರೆ, "ದಕ್ಷಿಣ ಏಷ್ಯಾದವರು" ಎಂದಷ್ಟೇ ಬರೆದು ನಿಲ್ಲಿಸದೆ, ಜಾತಿಯ ಮಾತನ್ನೂ ಅಲ್ಲಿ ಆಡಬಹುದೆಂದು ಮೊದಲೇ ತಿಳಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಜಾತಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಆ ಮೂರು ಪ್ರಶ್ನೆಗಳನ್ನು ನನಗೂ ಕೇಳಿದ್ದರು, ನಾನು ಲೋಕಾಭಿರಾಮವೆಂದುಕೊಂಡು ಉತ್ತರಿಸಿದ್ದೆ. ಮೊದಲ ಭೇಟಿಯ ಆ ಮಾತನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿಟ್ಟುಕೊಂಡಿದ್ದೇನೆ. ಗುಂಪಿಗೆ ಸದ್ಯ ನಾನು ಮತ್ತು ಓಕ್‌ಲ್ಯಾಂಡಿನ ಸಹಪಾಠಿಯೊಬ್ಬರು, ಇಬ್ಬರೇ ಇದ್ದೇವೆ. ಗುರುವಾರ ಸಂಜೆ ಬಿಡುವಿರುವವರು ಇಲ್ಲಿ ತಿಳಿಸಿ.