ಮಗಳಿಗೆ ಮೂರು ತುಂಬಿದೆ, ಎಲ್ಲಿಗೆ ಸೇರಿಸಲಿ?

ಸಿರಿಯ ಅಮ್ಮ, ಮೈಸೂರು

ಮಗಳು ಹುಟ್ಟಿದ್ದು 2022ರ ಆಗಸ್ಟ್‌ನಲ್ಲಿ. ಬರುವ ಜೂನ್‌ಗೆ ಎಲ್ಲಾದರೂ ಸೇರಿಸಬೇಕು. ಮೂರು ಕಡೆ ನೋಡಿದ್ದೇವೆ. ರಿಂಗ್ ರೋಡ್ ಆಚೆ ದೊಡ್ಡ ಸಿಬಿಎಸ್‌ಇ ಶಾಲೆ, ಮನೆಯಿಂದ ಒಂಬತ್ತು ಕಿಲೋಮೀಟರ್, ವ್ಯಾನಿನಲ್ಲಿ ಹೋಗಿಬರಬೇಕು. ನೇರ ಎಲ್‌ಕೆಜಿಗೇ ತಗೋತೀವಿ ಅಂದಿದ್ದಾರೆ. ಎರಡನೇದು ನಮ್ಮ ಬಡಾವಣೆಯಲ್ಲೇ ಒಂದು ಮನೆಯಲ್ಲಿ ನಡೆಯುವ ಮಾಂಟೆಸ್ಸರಿ. ಮೂರನೇದು ಪಕ್ಕದ ರಸ್ತೆಯ ಅಂಗನವಾಡಿ, ಅತ್ತೆಯವರ ಒಲವು ಅದರ ಕಡೆಗೆ. ಮನೇಲಿ ನಾವು ಆಡೋದು ಬರೀ ಕನ್ನಡ, ಅವಳಿಗೆ ಇಂಗ್ಲಿಷ್ ಅರ್ಥವೇ ಆಗಲ್ಲ. ಯಜಮಾನರು ದೊಡ್ಡ ಶಾಲೆಯೇ ಆಗಲಿ ಅಂತಾರೆ. ಡಿಸೆಂಬರ್ ಒಳಗೆ ಅಡ್ವಾನ್ಸ್ ಕಟ್ಟಬೇಕಂತೆ. ನನಗೆ ನಿದ್ದೆ ಬರ್ತಿಲ್ಲ.

ಬೆಣ್ಣೆನಗರಿ

ದೊಡ್ಡ ಶಾಲೆಗೇ ಸೇರಿಸಿ. ನಾವು ಒಂದನೇ ಕ್ಲಾಸಿಗೆ ಬಂದಾಗ ನೋಡಿಕೊಂಡರಾಯ್ತು ಅಂತ ಕೂತೆವು. ಆಮೇಲೆ ಆರು ಶಾಲೆ ಅಲೆದೆವು. ಎಲ್ಲಾ ಕಡೆ ಅವರದೇ ಯುಕೆಜಿ ಮಕ್ಕಳಿಂದ ಸೀಟು ತುಂಬಿತ್ತು. ಕೊನೆಗೆ ಸಿಕ್ಕ ಒಂದು ಸೀಟಿಗೆ ನಾವು ಅಂದುಕೊಂಡಿದ್ದರ ಎರಡರಷ್ಟು ಕಟ್ಟಿದೆವು. ಮೂರು ವರ್ಷದ ಮಗು ಎಲ್ಲಿ ಆಡಿದರೇನು, ಮುಂದಿನ ಹತ್ತು ವರ್ಷದ ದಾರಿ ನೋಡಿ.

ಧಾರವಾಡದಾಕಿ

ಸಿರಿ ಅಮ್ಮಾರ, ಮೊದಲ ವಯಸ್ಸಿನ ಲೆಕ್ಕಾ ಹಾಕ್ರಿ, ಆಮ್ಯಾಲೆ ಶಾಲಿ ನೋಡ್ರಿ. ಒಂದನೇತ್ತಾಕ್ಕ ಜೂನ್ 1ಕ್ಕ ಆರು ವರ್ಷ ತುಂಬಿರಬೇಕು ಅಂತ ನಮ್ಮ ಸರ್ಕಾರ 2022ರಾಗ ಆದೇಶ ಮಾಡೇತಿ. 2025ರ ಏಪ್ರಿಲ್‌ನಾಗ 5 ವರ್ಷ 5 ತಿಂಗಳಿಗೆ ಸಡಿಲ ಮಾಡಿದ್ರು ಖರೆ, ಆದ್ರ ಅದು 2025-26ರ ಸಾಲಿಗೆ ಅಷ್ಟ. ಬರೂ ಜೂನಿಗೆ, ಅಂದ್ರ 2026ಕ್ಕ, ನೇರ ಎಲ್‌ಕೆಜಿಗೆ ಹಾಕಿದ್ರ 2028ಕ್ಕ ಒಂದನೇತ್ತಾ ಬರತೈತಿ. ಆದ್ರ ನಿಮ್ಮ ಮಗಳಿಗೆ 2028ರ ಜೂನ್ 1ಕ್ಕ 5 ವರ್ಷ 9 ತಿಂಗಳು. ಆರು ತುಂಬಿರೂದಿಲ್ಲ. ಅಂದ್ರ ಆಕಿ ಒಂದನೇತ್ತಾ 2029ಕ್ಕ. ಹಿಂದಕ್ಕ ಎಣಸ್ಕೋತ ಬರ್ರಿ: ಯುಕೆಜಿ 2028, ಎಲ್‌ಕೆಜಿ 2027. ಬರೂ ಜೂನಿಗೆ ಆಕಿಗೆ ನರ್ಸರಿನ ಸರಿ. ನೇರ ಎಲ್‌ಕೆಜಿ ಅನ್ನಾವರನ್ನ ಕೇಳ್ರಿ, 2028ರಾಗ ಈ ಕೂಸಿಗೆ ಏನ್ ಮಾಡ್ತೀರಿ ಅಂತ.

ನನ್ನ ಮಗಂದು ಹಿಂಗ ಆತು. ರೊಕ್ಕಾ ತಗೊಳೂ ಮುಂದ ಯಾರೂ ವಯಸ್ಸಿನ ಮಾತು ಎತ್ತಲಿಲ್ಲ. ಯುಕೆಜಿ ಮುಗದ ಮ್ಯಾಲೆ ಇನ್ನೊಂದು ವರ್ಷ ಅದ ಕ್ಲಾಸಿನಾಗ ಕೂಡಸ್ರಿ ಅಂದ್ರು. ಗೆಳೆಯಾರೆಲ್ಲ ಮುಂದಿನ ಖೋಲಿಗೆ ಹೋದ್ರು, ಇವ ದಿನಾ ಆ ಬಾಗಲಾಗ ಹೋಗಿ ನಿಂದರತಿದ್ದ.

ಜಯನಗರದ ಅಪ್ಪ

ಎಲ್ಲಿ ಆಡಿದರೇನು ಅಂದ ಬೆಣ್ಣೆನಗರಿಯವರಿಗೆ ಒಂದು ಮಾತು. ನನ್ನ ಮಗಳನ್ನ ಮೂರೂವರೆಗೆ ದೊಡ್ಡ ಶಾಲೆಗೆ ಸೇರಿಸಿದ್ದೆವು. ಎರಡು ವಾರ ಕಳೆದ ಮೇಲೆ ಸಂಜೆ ವ್ಯಾನಿಂದ ಇಳಿದವಳು ಬಾಗಿಲಲ್ಲೇ ಬ್ಯಾಗ್ ಬಿಸಾಕಿ ಬಚ್ಚಲಿಗೆ ಓಡೋಕೆ ಶುರು ಮಾಡಿದಳು. ನೀರಿನ ಬಾಟಲಿ ಬೆಳಿಗ್ಗೆ ತುಂಬಿ ಕಳಿಸಿದ ಹಾಗೇ ವಾಪಸ್ ಬರ್ತಿತ್ತು. ಜ್ವರ ಬಂತು. ಉಚ್ಚೆ ಕಟ್ಟಿಕೊಂಡು ಸೋಂಕಾಗಿದೆ ಅಂದರು ಡಾಕ್ಟರು. ಪಕ್ಕದಲ್ಲಿ ಮಲಗಿಸಿಕೊಂಡು ಮೆಲ್ಲಗೆ ಕೇಳಿದಾಗ ಹೇಳಿದಳು: "ಮಿಸ್‌ಗೆ ಸೂಸು ಅಂದ್ರೆ ಗೊತ್ತಾಗಲ್ಲ ಅಪ್ಪ, ಇಂಗ್ಲಿಷಲ್ಲಿ ಹೇಳಬೇಕು. ನಂಗೆ ಮರೆತೋಗುತ್ತೆ." 'ಮೇ ಐ ಗೋ ಟು ಟಾಯ್ಲೆಟ್' ಅನ್ನೋ ವಾಕ್ಯ ಬರದೆ ನನ್ನ ಮಗು ದಿನವಿಡೀ ನೀರು ಕುಡಿಯದೆ ಕೂತಿತ್ತು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತೆ.

ಸಿರಿ ಅಮ್ಮ, ಕಟ್ಟಡ ನೋಡಬೇಡಿ, ಈಜುಕೊಳ ನೋಡಬೇಡಿ. ಕನ್ನಡದಲ್ಲಿ ಅತ್ತರೆ ಕನ್ನಡದಲ್ಲಿ ಸಮಾಧಾನ ಮಾಡೋರು ಆ ಕೋಣೆಯಲ್ಲಿ ಇದ್ದಾರಾ, ಅದನ್ನ ನೋಡಿ.

ಬೆಣ್ಣೆನಗರಿ

ಜಯನಗರದವರೇ, ಓದಿ ಸಂಕಟ ಆಯ್ತು. ಆದರೆ ಅದು ಆ ಟೀಚರ್ ತಪ್ಪು, ದೊಡ್ಡ ಶಾಲೆಗಳೆಲ್ಲ ಹಾಗಲ್ಲ. ಇನ್ನು ಅಂಗನವಾಡಿ. ನಮ್ಮ ಬೀದಿಯದು ಬಾಡಿಗೆಯ ಒಂದೇ ಕೋಣೆ. ಅಲ್ಲೇ ಅಡಿಗೆ, ಅಲ್ಲೇ ಅಕ್ಕಿ ಮೂಟೆ, ಅಲ್ಲೇ ಮಕ್ಕಳು. ಶೌಚಾಲಯಕ್ಕೆ ಪಕ್ಕದ ಮನೆ. ಅಲ್ಲಿಗೆ ಕಳಿಸಿ ಅಂತ ನಾನಂತೂ ಯಾರಿಗೂ ಹೇಳಲಾರೆ.

ಅಂಗನವಾಡಿ ಅಕ್ಕ

ಕಾರ್ಯಕರ್ತೆಯಾಗಿ ಹತ್ತೊಂಬತ್ತು ವರ್ಷ ಆಯ್ತು. ಬೆಣ್ಣೆನಗರಿಯವರು ಹೇಳಿದ ಹಾಗಿರುವ ಕೇಂದ್ರಗಳು ಇವೆ, ಇಲ್ಲ ಅನ್ನಲ್ಲ. ತೂಕ, ಎತ್ತರ, ಹಾಜರಿ ಎಲ್ಲಾ ಮೊಬೈಲ್ ಆ್ಯಪಿಗೆ ತುಂಬಬೇಕು. ಸರ್ವೆ ಬಂದರೆ ಮನೆಮನೆ ಸುತ್ತಬೇಕು. ಅಂಥ ದಿನ ಮಕ್ಕಳಿಗೆ ಕಥೆ ಹೇಳೋಕೆ ಪುರುಸೊತ್ತು ಸಿಗಲ್ಲ, ಮನಸ್ಸಿಗೆ ನೋವಾಗುತ್ತೆ. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ ತೆರೀತೀವಿ ಅಂದಾಗ ನಾವು ಬೀದಿಗೆ ಇಳಿದಿದ್ದು ಮಕ್ಕಳಿಗೆ ಕಲಿಸೋ ಕೆಲಸ ನಮ್ಮಲ್ಲೇ ಉಳೀಲಿ ಅಂತ. ಆ ಎಲ್‌ಕೆಜಿಯನ್ನ ನಮ್ಮ ಕೇಂದ್ರದಲ್ಲೇ ಮಾಡಿ, ನಮಗೇ ತರಬೇತಿ ಕೊಡಿ ಅಂತ ಕೇಳಿದೆವು.

ಒಂದು ಹೆಮ್ಮೆಯನ್ನೂ ಹೇಳಿಬಿಡ್ತೀನಿ. 1975ರ ಅಕ್ಟೋಬರ್ 2ಕ್ಕೆ ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದಿದ್ದು ಸಿರಿ ಅಮ್ಮನವರ ಜಿಲ್ಲೆಗೇ, ತಿ. ನರಸೀಪುರಕ್ಕೆ. ನಮ್ಮಲ್ಲಿ ಹಾಲು ಉಂಟು, ಮೊಟ್ಟೆ ಉಂಟು, ಬಿಸಿಯೂಟ ಉಂಟು, ಪಕ್ಕದ ಬೀದಿಯ ಎಂಟು ಹತ್ತು ಮಕ್ಕಳ ಜೊತೆ ಉಂಟು. ಸೇರಿಸೋಕೆ ಜೂನ್ ತನಕ ಕಾಯಬೇಕಾಗಿಲ್ಲ. ನಾಳೆಯೇ ಕೈಹಿಡಿದು ಕರ್ಕೊಂಡು ಹೋಗಿ, ಒಂದು ಗಂಟೆ ಕೂತು ನೋಡಿ. ಕೇಂದ್ರ ಚೆನ್ನಾಗಿಲ್ಲ ಅನ್ನಿಸಿದರೆ ಬಿಡಿ.

ಮಾಂಟೆಸ್ಸರಿ ತರಬೇತಿ ಆದವಳು

ಮನೆಯ ಮಾಂಟೆಸ್ಸರಿ ಬಗ್ಗೆ ಯಾರೂ ಹೇಳಿಲ್ಲ. ಆ ಹೆಸರು ಯಾರ ಸ್ವತ್ತೂ ಅಲ್ಲ, ಬೋರ್ಡ್ ಯಾರು ಬೇಕಾದರೂ ಹಾಕಬಹುದು. ಹಾಗಾಗಿ ಒಳಗೆ ಹೋಗಿಯೇ ನೋಡಬೇಕು. ಎರಡೂವರೆಯಿಂದ ಆರರ ತನಕದ ಮಕ್ಕಳು ಒಂದೇ ಕೋಣೆಯಲ್ಲಿ ಇದ್ದಾರಾ? ಸಾಮಾನು ಮಗುವಿನ ಕೈಗೆ ಎಟುಕುವ ಕಪಾಟಿನಲ್ಲಿದೆಯಾ, ಇಲ್ಲ ಬೀಗ ಹಾಕಿದ ಗಾಜಿನ ಹಿಂದೆ ಮಿಂಚ್ತಿದೆಯಾ? ಗುಲಾಬಿ ಗೋಪುರ ಅಂತ ಹತ್ತು ಮರದ ಘನ ಇರುತ್ತೆ, ಒಂದು ಸೆಂಟಿಮೀಟರಿಂದ ಹತ್ತರ ತನಕ. ಆ ಚಿಕ್ಕ ಘನ ಕಳೆದುಹೋಗಿದ್ದರೆ ಅಲ್ಲಿ ಸಾಮಾನಿನ ಮೇಲೆ ನಿಗಾ ಇಲ್ಲ ಅಂತ ನಾನು ತಿಳೀತೀನಿ. ಮರಳುಕಾಗದದ ಅಕ್ಷರಗಳನ್ನ ಕೇಳಿ, ಕನ್ನಡದ್ದೂ ಇದೆಯಾ ಅಂತ. ಮೂರು ವರ್ಷದ ಬೆರಳು 'ಅ' ಮೇಲೆ ಜಾರುತ್ತಾ ಬಾಯಲ್ಲಿ 'ಅ' ಅನ್ನೋದನ್ನ ಒಮ್ಮೆ ನೋಡಿದರೆ, ನಾಲ್ಕು ಗೆರೆ ಕಾಪಿ ಬುಕ್ಕಿಗೆ ಅವಸರ ಮಾಡೋರ ಮೇಲೆ ಸಿಟ್ಟು ಬರುತ್ತೆ.

ನಿವೃತ್ತ ಮೇಷ್ಟ್ರು

ಕನ್ನಡದಲ್ಲೇ ಕಲಿಸಲು ಕಾನೂನು ನಮ್ಮ ಕೈ ಹಿಡಿಯುತ್ತದೆ ಎಂದು ಕಾಯಬೇಡಿ. ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಎಂದು 1994ರಲ್ಲಿ ರಾಜ್ಯ ಭಾಷಾ ನೀತಿ ಮಾಡಿತ್ತು. ಮಾಧ್ಯಮವನ್ನು ಹೇರುವಂತಿಲ್ಲ ಎಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಯ್ಕೆ ತಂದೆತಾಯಿಯದು. ಕನ್ನಡದಲ್ಲಿ ಕಥೆ ಕೇಳಿ, ಒಗಟು ಬಿಡಿಸಿ, ಜಗಳ ಆಡಿ ಬಂದ ಮಕ್ಕಳು ಐದನೆಯ ತರಗತಿಯ ಹೊತ್ತಿಗೆ ಇಂಗ್ಲಿಷನ್ನೂ ಹಿಡಿದದ್ದನ್ನು ನಾನು ಮೂವತ್ತು ವರ್ಷ ನೋಡಿದ್ದೇನೆ.

ಮ್ಯೂನಿಕ್ ಕನ್ನಡತಿ

ಜರ್ಮನಿಯಲ್ಲಿ ನನ್ನ ಮಗನನ್ನ ಕಿಂಡರ್‌ಗಾರ್ಟನ್‌ಗೆ ಹಾಕಿದಾಗ ನನಗೆ ಗಾಬರಿ ಆಗಿತ್ತು. ಆರು ವರ್ಷದ ತನಕ ಅಕ್ಷರವೇ ಇಲ್ಲ. ಮಳೆ ಬಂದರೂ ರಬ್ಬರ್ ಚಡ್ಡಿ ಹಾಕಿಸಿ ಕೆಸರಿಗೆ ಬಿಡ್ತಾರೆ. ಅಲ್ಲಿಂದ ತರಬಹುದಾದ ಒಂದೇ ವಿಷಯ ಹೇಳ್ತೀನಿ: ಒಗ್ಗಿಸೋ ರೀತಿ. ಮೊದಲ ಮೂರು ದಿನ ಅಮ್ಮ ಅಥವಾ ಅಪ್ಪ ಮಗುವಿನ ಜೊತೆ ಒಳಗೇ ಸುಮ್ಮನೆ ಕೂರಬೇಕು. ನಾಲ್ಕನೇ ದಿನ ಹೇಳಿ, ಟಾಟಾ ಮಾಡಿ, ಸ್ವಲ್ಪ ಹೊತ್ತು ಮಾತ್ರ ಆಚೆ ಹೋಗಬೇಕು. ಮಗು ಅತ್ತು ಸಮಾಧಾನ ಆಗದಿದ್ದರೆ ಇನ್ನೂ ಕೆಲವು ದಿನ ಕೂರಬೇಕು. ಕದ್ದು ಹೋಗುವ ಹಾಗಿಲ್ಲ. ನೀವು ನೋಡಿರೋ ಮೂರೂ ಕಡೆ ಕೇಳಿ: ನಾನು ಒಳಗೆ ಕೂರಬಹುದಾ?

ಸಿರಿಯ ಅಮ್ಮ, ಮೈಸೂರು

ಎಲ್ಲರಿಗೂ ಕೈ ಮುಗಿದೆ. ಮೂರೂ ಕಡೆ ಅದೇ ಪ್ರಶ್ನೆ ಕೇಳಿದೆ. ದೊಡ್ಡ ಶಾಲೆಯಲ್ಲಿ ಗೇಟಿನಿಂದ ಒಳಗೆ ಪೋಷಕರನ್ನ ಬಿಡಲ್ಲ ಅಂದರು. 2028ರ ಲೆಕ್ಕ ಕೇಳಿದ್ದಕ್ಕೆ, ಆಗ ನೋಡೋಣ ಮೇಡಂ ಅಂದರು. ಯಜಮಾನರು ಆ ಮಾತು ಕೇಳಿದ ಮೇಲೆ ಸ್ಕೂಟರ್ ಸ್ಟಾರ್ಟ್ ಮಾಡಿ ಮನೆ ತನಕ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ "ಅಲ್ಲಿ ಬೇಡ ಬಿಡು" ಅಂದರು.

ಮಾಂಟೆಸ್ಸರಿಯಲ್ಲಿ ಒಂದು ಗಂಟೆ ಕೂತಿದ್ದೆ. ಒಬ್ಬ ಹುಡುಗ ಜಗ್‌ನಿಂದ ನೀರು ಬಗ್ಗಿಸುವಾಗ ಚೆಲ್ಲಿಬಿಟ್ಟ. ಅಲ್ಲಿನ ಅಕ್ಕ ಬೈಯಲಿಲ್ಲ, ಬಟ್ಟೆ ಎಲ್ಲಿದೆ ಅಂತ ಕಣ್ಣಲ್ಲೇ ತೋರಿಸಿದರು. ಅವನು ಒರೆಸಿ, ಹಿಂಡಿ, ಮತ್ತೆ ಜಗ್ ತುಂಬಿಸಿಕೊಂಡು ಬಂದ. ಕನ್ನಡ ಅಕ್ಷರದ ಪೆಟ್ಟಿಗೆ ಇದೆ, ಚಿಕ್ಕ ಘನವೂ ಇದೆ. ಜೂನ್‌ನಿಂದ ಅಲ್ಲಿಗೆ. ಒಂದನೇ ಕ್ಲಾಸಿನ ಸೀಟಿನ ಹೆದರಿಕೆ ನನಗೆ ಹೋಗಿಲ್ಲ, ಬೆಣ್ಣೆನಗರಿಯವರ ಮಾತು ತಲೆಯಲ್ಲಿದೆ. 2028ರಲ್ಲೇ ಹುಡುಕೋಕೆ ಶುರು ಮಾಡ್ತೀನಿ.

ಈ ಜೂನ್ ತನಕ ಅಂಗನವಾಡಿ. ನಮ್ಮದು ಸ್ವಂತ ಕಟ್ಟಡ, ಶೌಚಾಲಯ ಇದೆ. ಮೂರು ದಿನದಿಂದ ನಾನೂ ಬಾಗಿಲ ಪಕ್ಕ ಚಾಪೆ ಮೇಲೆ ಕೂರ್ತಿದ್ದೀನಿ. ಮೊದಲ ದಿನ ಸಿರಿ ನನ್ನ ಸೀರೆ ಸೆರಗು ಬಿಡಲಿಲ್ಲ. ಇವತ್ತು ಮೊಟ್ಟೆ ಸುಲಿಯೋಕೆ ಬಾರದ ಒಂದು ಮಗುವಿಗೆ ತಾನೇ ಸುಲಿದು ಕೊಟ್ಟು, ಅರ್ಧ ತಿಂದು ಬಂದಳು. ನಾಳೆ ನಾಲ್ಕನೇ ದಿನ. ಹಾಲು ತಂದು ವಾಪಸ್ ಬರ್ತೀನಿ ಅಂತ ಅವಳಿಗೆ ಈಗಲೇ ಹೇಳಿದ್ದೀನಿ. "ಎಷ್ಟು ಪ್ಯಾಕೆಟ್?" ಅಂತ ಕೇಳಿದಳು. ಎರಡು ಅಂದೆ.