ಬೈರಮಂಗಲ ಕೆರೆ: ನೀಲಿಹಸಿರು ಪಾಚಿಯ ಎಣಿಕೆ

ಪ್ರಶ್ನೆ: ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ನದಿ ಸೇರುವ ಈ ಕೆರೆಯ ನೀರಿನ ಮಾದರಿಗೆ ಲುಗಾಲ್ ಅಯೋಡಿನ್ (ಪಾಚಿ ಕೆಡದಂತೆ ಕಾದು ತಳಕ್ಕಿಳಿಸುವ ದ್ರಾವಣ) ಹಾಕಿ ಒಂದು ದಿನ ಇಟ್ಟರೂ ಪಾಚಿ ತಳಕ್ಕಿಳಿಯದೆ ತೇಲುತ್ತದೆ. ಏನು ಮಾಡಲಿ?

ಉತ್ತರ: ಮೈಕ್ರೋಸಿಸ್ಟಿಸ್ ಎಂಬ ನೀಲಿಹಸಿರು ಪಾಚಿ ಇರಬೇಕು, ಅದರ ಕೋಶದಲ್ಲಿ ಗಾಳಿಗುಳ್ಳೆಗಳಿವೆ. 10 ಮಿ.ಲೀ. ಸಿರಿಂಜಿಗೆ ಮಾದರಿ ತುಂಬಿ, ಗಾಳಿ ಹೊರಹಾಕಿ, ತುದಿ ಮುಚ್ಚಿ ಬಲವಾಗಿ ಒತ್ತಿ. ಗುಳ್ಳೆ ಕುಸಿದರೆ ಮುಳುಗುತ್ತದೆ. ಅಯೋಡಿನ್ 100 ಮಿ.ಲೀ. ಮಾದರಿಗೆ ಸುಮಾರು 1 ಮಿ.ಲೀ. ಸಾಕು. ಆದರೆ ಚರಂಡಿ ನೀರಿನ ಸಾವಯವ ಕೊಳೆ ಅದನ್ನು ನುಂಗುತ್ತದೆ. ಅಯೋಡಿನ್‌ನಿಂದ ಮಾದರಿಗೆ ಬಂದ ಚಹಾದಂಥ ಬಣ್ಣ ಮಾಸಿದರೆ ಮತ್ತೆ ಹನಿಸಿ.

ಇನ್ನೊಂದು ಉತ್ತರ: ಎಣಿಕೆಯ ಜೊತೆಗೆ ಈ ಪಾಚಿಯ ವಿಷವಾದ ಮೈಕ್ರೋಸಿಸ್ಟಿನ್‌ನ ಪರೀಕ್ಷೆಯೂ ಬೇಕಿದ್ದರೆ ಅಯೋಡಿನ್ ಹಾಕದ ಬೇರೆ ಗಾಜಿನ ಬಾಟಲಿ ಇರಲಿ; ಕೆಲವು ಪ್ಲಾಸ್ಟಿಕ್‌ಗಳಿಗೆ ಅದು ಅಂಟುತ್ತದೆ. ಕೋಶ ಒಡೆಯಲು ಮೂರು ಸಲ ಹೆಪ್ಪುಗಟ್ಟಿಸಿ ಕರಗಿಸಿ, ಆಮೇಲೆ ಸೋಸಿ. ಮೊದಲೇ ಸೋಸಿದರೆ ಕೋಶದೊಳಗಿನ ವಿಷ ಲೆಕ್ಕಕ್ಕೇ ಸಿಗದು.

ಮತ್ತೊಂದು: ಗಾಳಿ ನೀರ ಮೇಲೆ ಕಟ್ಟಿದ ಪಾಚಿಯ ಕೆನೆಯನ್ನು ಒಂದೇ ದಡಕ್ಕೆ ತಳ್ಳುತ್ತದೆ. ಅಲ್ಲೊಂದು, ನಡುನೀರಲ್ಲೊಂದು ಮಾದರಿ ತೆಗೆಯಿರಿ. ಕೈಗವಸು ಮರೆಯಬೇಡಿ.